ಮಗ್ದಲದ ಮರಿಯಳಿಗೆ ವಂಶದ ಹಂಗಿಲ್ಲ

ಯೇಸುವಿನ ಮನೆತನದವರು ಮುಂದೆ ಏನಾದರು? ಈ ಪ್ರಶ್ನೆಗೆ ಉತ್ತರ ಇದೆ. ಯಾರೂ ಅದನ್ನು ಬಚ್ಚಿಟ್ಟಿಲ್ಲ. ಹದಿನೇಳು ಶತಮಾನಗಳಿಂದ ಜನ ಓದುತ್ತಾ ಬಂದಿರುವ ಪುಸ್ತಕದಲ್ಲೇ ಇದೆ.

ಡೊಮಿಷಿಯನ್ ಎಂಬ ರೋಮನ್ ಚಕ್ರವರ್ತಿ ಕ್ರಿ.ಶ. 81ರಿಂದ 96ರವರೆಗೆ ಆಳಿದ. ಯೆಹೂದಿಗಳ ಹಿಂದಿನ ಕಾಲದ ರಾಜ ದಾವೀದನ ವಂಶದವರು ಯಾರಾದರೂ ಉಳಿದಿದ್ದರೆ ಮುಂದೆ ತನಗೆ ತೊಂದರೆ ಎಂಬ ಭಯ ಅವನಿಗಿತ್ತು. ಯಾರೋ ಚಾಡಿ ಹೇಳಿದರು. ಇಬ್ಬರನ್ನು ಹಿಡಿದು ತಂದು ಅವನ ಮುಂದೆ ನಿಲ್ಲಿಸಿದರು. ಇಬ್ಬರೂ ಯೂದನ ಮೊಮ್ಮಕ್ಕಳು. ಯೇಸುವನ್ನು ಹಿಡಿದುಕೊಟ್ಟ ಯೂದ ಅಲ್ಲ, ಯೇಸುವಿನ ಸಹೋದರ ಯೂದ. ನೀವು ದಾವೀದನ ವಂಶದವರಾ ಎಂದು ಚಕ್ರವರ್ತಿ ಕೇಳಿದ. ಹೌದು ಅಂದರು. ಆಸ್ತಿ ಎಷ್ಟಿದೆ ಎಂದು ಕೇಳಿದ. ಇಬ್ಬರದ್ದೂ ಸೇರಿ 9,000 ದಿನಾರಿ ಬೆಲೆ ಬಾಳಬಹುದು, ಅದೂ ಕೈಯಲ್ಲಿರುವ ದುಡ್ಡಲ್ಲ, 39 ಪ್ಲೆತ್ರ ಜಮೀನು, ಅದನ್ನು ಉತ್ತು ತೆರಿಗೆ ಕಟ್ಟಿ ಬದುಕುತ್ತಿದ್ದೇವೆ ಅಂದರು. ಆಮೇಲೆ ಕೈ ಚಾಚಿ ತೋರಿಸಿದರು. ಹೊಲದಲ್ಲಿ ದುಡಿದು ಜಡ್ಡುಗಟ್ಟಿದ ಕೈಗಳು. ಕ್ರಿಸ್ತನ ರಾಜ್ಯ ಎಲ್ಲಿ, ಯಾವಾಗ ಬರುತ್ತದೆ ಎಂದು ಕೇಳಿದಾಗ, ಅದು ಈ ಲೋಕದ ರಾಜ್ಯವಲ್ಲ, ಕಾಲದ ಕೊನೆಯಲ್ಲಿ ಬರುವಂಥದ್ದು ಎಂದರು. ಇವರಿಂದ ತನಗೇನೂ ಆಗುವುದಿಲ್ಲ ಎಂದುಕೊಂಡು ಚಕ್ರವರ್ತಿ ಅವರನ್ನು ಬಿಟ್ಟು ಕಳಿಸಿದ.

ಇದನ್ನು ಬರೆದವನು ಎರಡನೇ ಶತಮಾನದ ಹೆಗೆಸಿಪ್ಪಸ್. ಅವನ ಪುಸ್ತಕ ಕಳೆದುಹೋಗಿದೆ. ನಾಲ್ಕನೇ ಶತಮಾನದ ಇತಿಹಾಸಕಾರ ಯೂಸೇಬಿಯಸ್ ಅದರ ತುಣುಕುಗಳನ್ನು ತನ್ನ ಸಭಾ ಇತಿಹಾಸದಲ್ಲಿ ಎತ್ತಿ ಬರೆದಿದ್ದಾನೆ. ಚಕ್ರವರ್ತಿಯೇ ಖುದ್ದಾಗಿ ಇಬ್ಬರು ರೈತರನ್ನು ವಿಚಾರಣೆ ಮಾಡಿದ ಅನ್ನುವುದು ನನಗೆ ಅಷ್ಟಾಗಿ ನಂಬಿಕೆ ಬರುವ ಮಾತಲ್ಲ. ಆದರೆ ಆ ಜಮೀನಿನ ಅಳತೆ, ಆ ಕೈಗಳು, ಆ ತೆರಿಗೆಯ ಮಾತು ಇವೆಲ್ಲ ಯಾರೋ ಅಂಥವರನ್ನು ಹತ್ತಿರದಿಂದ ಕಂಡು ಹೇಳಿದ ಹಾಗಿವೆ. ಒಂದು ದೊಡ್ಡ ಮನೆತನವನ್ನು ಕಲ್ಪಿಸಿಕೊಂಡು ಬರೆಯುವವನು ಹೀಗೆ ಬರೆಯುವುದಿಲ್ಲ.

ಇವರಷ್ಟೇ ಅಲ್ಲ. ಯೇಸುವಿನ ಇನ್ನೊಬ್ಬ ಸಹೋದರ ಯಾಕೋಬ ಜೆರುಸಲೇಮಿನ ಕ್ರೈಸ್ತ ಸಭೆಗೆ ಹಿರಿಯನಾಗಿದ್ದ. ಮೊದಲ ತಲೆಮಾರಿನ ಧರ್ಮಪ್ರಚಾರಕ ಪೌಲ ಅವನನ್ನು ಕಂಡು ಮಾತಾಡಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳಿದ್ದಾನೆ. ಕ್ರೈಸ್ತನಲ್ಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಇದೇ ಯಾಕೋಬನನ್ನು ಕ್ರಿ.ಶ. 62ರಲ್ಲಿ ಕಲ್ಲೆಸೆದು ಕೊಂದದ್ದನ್ನು ದಾಖಲಿಸಿದ್ದಾನೆ. ಯಾಕೋಬನ ನಂತರ ಸಿಮೆಯೋನ ಎಂಬ ಹತ್ತಿರದ ಬಂಧು ಆ ಜಾಗಕ್ಕೆ ಬಂದ. ಮೂರನೇ ಶತಮಾನದಲ್ಲಿ ಆಫ್ರಿಕಾನಸ್ ಎಂಬ ಲೇಖಕ, ನಜರೇತ್ ಮತ್ತು ಕೊಕಾಬ ಎಂಬ ಹಳ್ಳಿಗಳಿಂದ ಬಂದ ಪ್ರಭುವಿನ ಬಂಧುಗಳು ತಮ್ಮ ವಂಶಾವಳಿಯನ್ನು ನೆನಪಿನಿಂದ ಹೇಳುತ್ತಿದ್ದರು ಎಂದು ಬರೆದಿದ್ದಾನೆ. (ಕ್ಯಾಥೋಲಿಕ್ ಸಭೆ ಈ 'ಸಹೋದರ'ರನ್ನು ಒಡಹುಟ್ಟಿದವರು ಎನ್ನುವುದಿಲ್ಲ, ಹತ್ತಿರದ ಬಂಧುಗಳು ಎನ್ನುತ್ತದೆ. ಆ ಚರ್ಚೆ ಬೇರೆ.) ಅಂತೂ ಯೇಸುವಿನ ರಕ್ತಸಂಬಂಧಿಗಳು ಮೊದಲ ನೂರು ವರ್ಷ ಸಭೆಯ ಒಳಗೇ ಇದ್ದರು. ಎಲ್ಲರಿಗೂ ಗೊತ್ತಿರುವಂತೆ ಇದ್ದರು.

ಆದರೆ ಲೋಕವೆಲ್ಲ ಮಾತಾಡಿದ್ದು ಈ ರೈತರ ಬಗ್ಗೆ ಅಲ್ಲ. ಲೋಕ ಮಾತಾಡಿದ್ದು ಇನ್ನೊಂದು ವಂಶದ ಬಗ್ಗೆ. ಯೇಸು ತನ್ನ ಶಿಷ್ಯೆ ಮಗ್ದಲದ ಮರಿಯಳನ್ನು ಮದುವೆಯಾಗಿದ್ದ, ಆಕೆ ಮಗುವಿನ ಜೊತೆ ಫ್ರಾನ್ಸಿನ ದಡ ಸೇರಿದಳು, ಆ ರಕ್ತ ಹಿಂದೆ ಫ್ರಾನ್ಸನ್ನು ಆಳಿದ ಮೆರೊವಿಂಜಿಯನ್ ರಾಜರ ಮನೆತನದಲ್ಲಿ ಬೆರೆಯಿತು, ಸೀಯೋನ್ ಮಠ ಎಂಬ ಗುಟ್ಟಿನ ಸಂಘ ಅದನ್ನು ಒಂಬತ್ತು ಶತಮಾನಗಳಿಂದ ಕಾಯುತ್ತಿದೆ ಎಂಬ ಕಥೆ. 1982ರಲ್ಲಿ ಲಂಡನ್ನಿನಲ್ಲಿ ಮೂವರು ಇದನ್ನು ಇತಿಹಾಸ ಎಂದೇ ಪುಸ್ತಕ ಬರೆದರು. 2003ರ ಒಂದು ಅಮೆರಿಕನ್ ಕಾದಂಬರಿ, 'ದ ಡಾ ವಿಂಚಿ ಕೋಡ್', ಅದನ್ನು ಕೋಟ್ಯಂತರ ಜನರಿಗೆ ಮುಟ್ಟಿಸಿತು. ಬೆಂಗಳೂರಿನ ಫುಟ್‌ಪಾತ್ ಮೇಲೆ ಅದರ ಕಳ್ಳಪ್ರತಿಗಳ ರಾಶಿಯನ್ನು ನನ್ನ ವಯಸ್ಸಿನವರು ಮರೆತಿರಲಾರರು. ನಾನೂ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದವಳು.

ಈ ಕಥೆ ಹುಟ್ಟಿದ ಜಾಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ದಕ್ಷಿಣ ಫ್ರಾನ್ಸಿನಲ್ಲಿ ರೆನ್ ಲ ಶಾತೊ ಎಂಬ ಹಳ್ಳಿ ಇದೆ. ಗುಡ್ಡದ ಮೇಲಿನ ಸಣ್ಣ ಊರು. 1885ರಲ್ಲಿ ಬೆರೆಂಜೆ ಸೊನ್ಯೆರ್ ಎಂಬ ಪಾದ್ರಿ ಅಲ್ಲಿಗೆ ಬಂದರು. ಮಗ್ದಲದ ಮರಿಯಳ ಹೆಸರಿನ ಚರ್ಚು ಬೀಳುವ ಸ್ಥಿತಿಯಲ್ಲಿತ್ತು. ಅವರು ಅದನ್ನು ರಿಪೇರಿ ಮಾಡಿಸಿದರು, ಬಣ್ಣಬಣ್ಣದ ಮೂರ್ತಿಗಳನ್ನು ಇಡಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ದೊಡ್ಡ ಬಂಗಲೆ ಕಟ್ಟಿಸಿದರು, ತೋಟ ಮಾಡಿಸಿದರು, ಪುಸ್ತಕ ಇಡಲು ಕಣಿವೆಗೆ ಮುಖ ಮಾಡಿದ ಒಂದು ಗೋಪುರವನ್ನೇ ಕಟ್ಟಿಸಿ ಅದಕ್ಕೆ ಮಗ್ದಲ ಗೋಪುರ ಎಂದು ಹೆಸರಿಟ್ಟರು. ಒಂದು ಬಡ ಹಳ್ಳಿಯ ಪಾದ್ರಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು?

ಉತ್ತರ ಅವರ ಲೆಕ್ಕದ ಪುಸ್ತಕಗಳಲ್ಲೇ ಇದೆ. ಸತ್ತವರ ಹೆಸರಲ್ಲಿ ಬಲಿಪೂಜೆ ಅರ್ಪಿಸಲು ಭಕ್ತರು ಪಾದ್ರಿಗೆ ಕಾಣಿಕೆ ಕೊಡುತ್ತಾರೆ. ಒಬ್ಬ ಪಾದ್ರಿ ದಿನಕ್ಕೆ ಎಷ್ಟು ಪೂಜೆಗೆ ಕಾಣಿಕೆ ತೆಗೆದುಕೊಳ್ಳಬಹುದು ಎಂಬುದಕ್ಕೆ ನಿಯಮ ಇದೆ. ಸೊನ್ಯೆರ್ ಊರೂರಿಂದ ಟಪಾಲಿನಲ್ಲಿ ಕಾಣಿಕೆ ತರಿಸಿಕೊಂಡರು, ಒಂದು ಜನ್ಮದಲ್ಲಿ ಹೇಳಿ ಮುಗಿಸಲಾಗದಷ್ಟು ಪೂಜೆಗಳಿಗೆ. ಬಿಷಪರು 1910ರಲ್ಲಿ ವಿಚಾರಣೆ ನಡೆಸಿ, ಆಮೇಲೆ ಅವರನ್ನು ಅಮಾನತು ಮಾಡಿದರು. 1917ರಲ್ಲಿ ಸೊನ್ಯೆರ್ ತೀರಿಕೊಂಡರು. ನಿಧಿಯೂ ಇರಲಿಲ್ಲ, ವಂಶಾವಳಿಯ ಗುಟ್ಟೂ ಇರಲಿಲ್ಲ. ತಮ್ಮ ಸತ್ತ ಅಪ್ಪ ಅಮ್ಮನಿಗೆ, ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಬಡವರು ಕಳಿಸಿದ ಚಿಲ್ಲರೆ ಹಣ ಅದು. ಈ ಊರಿನ ಬಗ್ಗೆ ಇಷ್ಟು ಪುಸ್ತಕ ಬಂದಿವೆ. ಆದರೆ ದುಡ್ಡು ಕೊಟ್ಟು ಪೂಜೆ ಸಿಗದೇ ಹೋದ ಆ ಜನರನ್ನು ನೆನೆಸಿಕೊಂಡವರು ಕಡಿಮೆ. ನನಗೆ ಇದು ಬಹಳ ಬೇಸರ ತರುವ ಸಂಗತಿ.

ಸೊನ್ಯೆರ್ ಅವರ ಆಸ್ತಿ ಮನೆಗೆಲಸದ ಮರಿ ದೆನಾರ್ನೊ ಹೆಸರಲ್ಲಿತ್ತು. ಅದು ನೊಯೆಲ್ ಕೊರ್ಬು ಎಂಬವರ ಕೈಗೆ ಬಂತು. ಅವರು ಬಂಗಲೆಯಲ್ಲಿ ಹೋಟೆಲ್ ತೆರೆದರು. ಗುಡ್ಡ ಹತ್ತಿ ಜನ ಬರಬೇಕಲ್ಲ? ಪಾದ್ರಿಗೆ ಹಿಂದಿನ ಕಾಲದ ರಾಣಿಯೊಬ್ಬಳ ನಿಧಿ ಸಿಕ್ಕಿತ್ತು ಎಂಬ ಕಥೆ ಹೇಳಲು ಶುರು ಮಾಡಿದರು. 1956ರ ಜನವರಿಯಲ್ಲಿ ಆ ಕಡೆಯ ಪತ್ರಿಕೆಯೊಂದು ಅದನ್ನು ದೊಡ್ಡದಾಗಿ ಪ್ರಕಟಿಸಿತು. ಗುದ್ದಲಿ ಹಿಡಿದುಕೊಂಡು ಜನ ಬಂದರು. 1965ರಲ್ಲಿ ಊರಿನ ಆಡಳಿತ ಅನುಮತಿ ಇಲ್ಲದೆ ಅಗೆಯುವುದನ್ನೇ ನಿಷೇಧಿಸಬೇಕಾಯಿತು.

ಅದೇ 1956ರಲ್ಲಿ, ಅಲ್ಲಿಂದ ಬಹಳ ದೂರ, ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ಪಿಯೆರ್ ಪ್ಲಾಂತಾರ್ ಮತ್ತು ಗೆಳೆಯರು ಒಂದು ಸಂಘವನ್ನು ನೋಂದಣಿ ಮಾಡಿಸಿದರು. ಹೆಸರು ಸೀಯೋನ್ ಮಠ. ಈ ಸೀಯೋನ್ ಜೆರುಸಲೇಮಿನದಲ್ಲ, ಅಲ್ಲೇ ಪಕ್ಕದ ಒಂದು ಬೆಟ್ಟದ ಹೆಸರು. ಸಂಘದ ಸಣ್ಣ ಪತ್ರಿಕೆ ಬಡಾವಣೆಯ ಬಾಡಿಗೆದಾರರ ಸಮಸ್ಯೆಗಳ ಬಗ್ಗೆ ಬರೆಯುತ್ತಿತ್ತು. ಒಂಬತ್ತು ಶತಮಾನಗಳ ಗುಟ್ಟಿನ ಸಂಘದ ನಿಜವಾದ ವಯಸ್ಸು ಇಷ್ಟು.

ಪ್ಲಾಂತಾರ್‌ಗೆ ತಾನು ಫ್ರಾನ್ಸಿನ ನಿಜವಾದ ರಾಜವಂಶದವನು ಎಂದು ಸಾಧಿಸುವ ಆಸೆ. ಅಪ್ಪ ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದವರು. ಮೆರೊವಿಂಜಿಯನ್ ರಾಜರ ಕೊನೆಯವನನ್ನು 751ರಲ್ಲೇ ಗದ್ದುಗೆಯಿಂದ ಇಳಿಸಲಾಗಿತ್ತು. ಅದಕ್ಕೂ ಮುಂಚೆ, 679ರಲ್ಲಿ, ಎರಡನೇ ದಾಗೊಬೆರ್ ಎಂಬ ರಾಜ ಕಾಡಿನಲ್ಲಿ ಕೊಲೆಯಾದ. ಅವನ ಮಗನೊಬ್ಬ ತಪ್ಪಿಸಿಕೊಂಡು ರೆನ್ ಲ ಶಾತೊಗೆ ಬಂದ, ತಾನು ಅವನ ಸಂತತಿ ಎಂದರು ಪ್ಲಾಂತಾರ್. ಅಂಥ ಮಗ ಇದ್ದ ಎಂಬುದಕ್ಕೆ ಆ ಕಾಲದ ಯಾವ ಸಾಕ್ಷಿಯೂ ಇಲ್ಲ. ಫಿಲಿಪ್ ದ ಶೆರಿಸೆ ಎಂಬ ಗೆಳೆಯ ಹಳೆಯ ಲ್ಯಾಟಿನ್ ಚರ್ಮಪತ್ರಗಳ ಹಾಗೆ ಕಾಣುವ ಬರಹಗಳನ್ನು ತಯಾರಿಸಿದರು, ಅದರೊಳಗೆ ಸಂಕೇತಗಳನ್ನು ಅಡಗಿಸಿದರು. ಸೊನ್ಯೆರ್‌ಗೆ ಚರ್ಚಿನ ಕಂಬದಲ್ಲಿ ಇವು ಸಿಕ್ಕವು ಎಂಬ ಕಥೆ ಹಬ್ಬಿತು. ವಂಶಾವಳಿಗಳು, ಮಠದ ಮುಖ್ಯಸ್ಥರ ಪಟ್ಟಿಗಳು ಒಂದೊಂದಾಗಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಕಪಾಟು ಸೇರಿದವು. ಲಿಯೊನಾರ್ಡೊ, ನ್ಯೂಟನ್, ವಿಕ್ಟರ್ ಹ್ಯೂಗೊ ಎಲ್ಲರೂ ಆ ಪಟ್ಟಿಯಲ್ಲಿ ಇದ್ದರು. ಯಾರು ಬೇಕಾದರೂ ಗ್ರಂಥಾಲಯಕ್ಕೆ ಕಾಗದ ಕೊಡಬಹುದು. ಆದರೆ ಒಮ್ಮೆ ಅದಕ್ಕೆ ಗ್ರಂಥಾಲಯದ ನಂಬರು ಬಿದ್ದರೆ ಅದು ದಾಖಲೆ ಆಗಿಬಿಡುತ್ತದೆ. ಈ ಇಡೀ ಮೋಸ ನಿಂತಿದ್ದೇ ಆ ನಂಬರಿನ ಮೇಲೆ.

ಇಷ್ಟಾದರೂ ಪ್ಲಾಂತಾರ್ ಕಥೆಯಲ್ಲಿ ಯೇಸು ಇರಲಿಲ್ಲ. ಯೇಸುವನ್ನು ಸೇರಿಸಿದ್ದು 1982ರ ಪುಸ್ತಕ. ಅದನ್ನು ಬರೆದ ಮೂವರಲ್ಲಿ ಒಬ್ಬರು ಅದಕ್ಕೂ ಮುಂಚೆ ಈ ಹಳ್ಳಿಯ ಬಗ್ಗೆ ಬಿಬಿಸಿಗೆ ಸಾಕ್ಷ್ಯಚಿತ್ರಗಳನ್ನು ಮಾಡಿದ್ದವರು. ರಾಜವಂಶವೊಂದನ್ನು ಇಷ್ಟು ಜತನದಿಂದ ಕಾಯಬೇಕಾದರೆ ಅದರಲ್ಲಿ ಇನ್ನೂ ದೊಡ್ಡ ಗುಟ್ಟು ಇರಲೇಬೇಕು ಎಂದು ಅವರು ಊಹಿಸಿದರು. ಪ್ಲಾಂತಾರ್ ಆಮೇಲೆ ಆ ಊಹೆಯನ್ನು ಒಪ್ಪಲಿಲ್ಲ. 1993ರಲ್ಲಿ ಬೇರೊಂದು ಹಣಕಾಸಿನ ಹಗರಣದ ತನಿಖೆ ನಡೆಸುತ್ತಿದ್ದ ನ್ಯಾಯಾಧೀಶರು ಪ್ಲಾಂತಾರ್ ಮನೆ ಶೋಧಿಸಿದರು. ಆ ಹಗರಣದಲ್ಲಿ ಹೆಸರು ಕೇಳಿಬಂದಿದ್ದ ಒಬ್ಬರನ್ನು ಮಠದ ಮುಖ್ಯಸ್ಥರಾಗಿದ್ದರು ಎಂದು ಪ್ಲಾಂತಾರ್ ಹೇಳಿಕೊಂಡಿದ್ದರು, ಅದಕ್ಕೆ. ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಎಲ್ಲ ತಾನೇ ಕಟ್ಟಿದ್ದು ಎಂದು ಅವರು ಒಪ್ಪಿಕೊಂಡರು. 2000ದಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಕಾದಂಬರಿ ಬಂತು, ಮಠ ನಿಜವಾದ ಸಂಘಟನೆ ಎಂದು ಮೊದಲ ಪುಟದಲ್ಲೇ ಬರೆದುಕೊಂಡು.

ಇಲ್ಲಿಗೆ ಮುಗಿಯಿತು, ಎಲ್ಲ ಸುಳ್ಳು ಎಂದು ಹೇಳಿ ಎದ್ದುಹೋಗಬಹುದು. ಬಹಳ ಲೇಖನಗಳು ಹಾಗೇ ಮಾಡುತ್ತವೆ. ನನಗೆ ಹಾಗೆ ಎದ್ದುಹೋಗಲು ಮನಸ್ಸಿಲ್ಲ. ಕಾರಣ ಮಗ್ದಲದ ಮರಿಯ.

ನಾನು ಓದಿದ ಶಾಲೆಯಲ್ಲಿ ಆಕೆಯನ್ನು ಪರಿಚಯಿಸಿದ್ದು ಪಾಪಿ ಹೆಂಗಸು ಎಂದು. ದಾರಿ ತಪ್ಪಿದ್ದಳು, ಯೇಸು ಕ್ಷಮಿಸಿದರು, ಅಷ್ಟೇ. ಕಾದಂಬರಿಯ ಅಬ್ಬರ ಇದ್ದ ದಿನಗಳಲ್ಲಿ ಒಬ್ಬ ಗೆಳತಿ ಕೇಳಿದ್ದಳು: "ವೇಶ್ಯೆ ಅನ್ನೋದಕ್ಕಿಂತ ಹೆಂಡತಿ ಅನ್ನೋದು ವಾಸಿ ಅಲ್ವಾ?" ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಓದಿದ ಮೇಲೆ ನನ್ನ ಉತ್ತರ ಇದು: ಎರಡೂ ಬೇಡ. ಎರಡೂ ಆಕೆಯಿಂದ ಒಂದೇ ವಸ್ತುವನ್ನು ಕಿತ್ತುಕೊಳ್ಳುತ್ತವೆ.

ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳು ಆಕೆಯ ಬಗ್ಗೆ ಏನು ಹೇಳುತ್ತವೆ? ಲೂಕನ ಎಂಟನೇ ಅಧ್ಯಾಯದ ಮೊದಲ ಮೂರು ವಚನಗಳನ್ನು ನೋಡಿ. ಯೇಸು ಊರೂರು ಸುತ್ತುವಾಗ ಹನ್ನೆರಡು ಶಿಷ್ಯರ ಜೊತೆ ಕೆಲವು ಹೆಂಗಸರೂ ಇದ್ದರು. ಏಳು ದೆವ್ವಗಳಿಂದ ಬಿಡುಗಡೆಯಾದ ಮಗ್ದಲದ ಮರಿಯ, ಹೆರೋದನ ಪಾರುಪತ್ಯಗಾರ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕರು. ಅವರು ತಮ್ಮ ಸ್ವಂತ ಆಸ್ತಿಯಿಂದ ಎಲ್ಲರನ್ನೂ ಪೋಷಿಸುತ್ತಿದ್ದರು. ಖರ್ಚು ನೋಡಿಕೊಳ್ಳುತ್ತಿದ್ದವರು ಈ ಹೆಂಗಸರು ಅಂತಾಯಿತು. ಮಗ್ದಲ ಗಲಿಲಾಯ ಸರೋವರದ ಪಶ್ಚಿಮ ದಡದ ಊರು. ಮೀನು ಉಪ್ಪು ಹಾಕಿ ಮಾರುವ ವ್ಯಾಪಾರ ಇತ್ತು. 2009ರಲ್ಲಿ ಅಲ್ಲಿ ಅಗೆದಾಗ ಮೊದಲ ಶತಮಾನದ ಒಂದು ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ), ಕೆತ್ತನೆ ಮಾಡಿದ ಒಂದು ಕಲ್ಲು ಸಿಕ್ಕವು. ಆಕೆಯ ಕಾಲದ ಊರು ಈಗ ಕಣ್ಣಿಗೆ ಕಾಣುತ್ತಿದೆ. ಆಕೆಯನ್ನು ಗಂಡನ ಹೆಸರಿನಿಂದಲೂ ಮಗನ ಹೆಸರಿನಿಂದಲೂ ಗುರುತಿಸದೆ ಊರಿನ ಹೆಸರಿನಿಂದ ಗುರುತಿಸಿದ್ದಾರೆ. ಅದೂ ಗಮನಿಸಬೇಕಾದದ್ದೇ.

ಶಿಲುಬೆಯ ಹತ್ತಿರ ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದಾಗ ಆಕೆ ಇದ್ದಳು. ಹೂಳುವುದನ್ನು ನೋಡಿದಳು. ಮೂರನೇ ದಿನ ಬೆಳಗ್ಗೆ ಸಮಾಧಿಗೆ ಹೋದಳು. ಯೋಹಾನನ ಸುವಾರ್ತೆಯ ಪ್ರಕಾರ ಎದ್ದುಬಂದ ಯೇಸುವನ್ನು ಮೊದಲು ಕಂಡವಳು ಆಕೆ. ತೋಟದ ಮಾಲಿ ಅಂದುಕೊಂಡಳು. ಅವನು ಹೆಸರು ಹಿಡಿದು ಕರೆದಾಗ ಗುರುತು ಸಿಕ್ಕಿತು. ಹೋಗಿ ನನ್ನ ಸಹೋದರರಿಗೆ ಹೇಳು ಅಂದ. ಆಕೆ ಹೋಗಿ ಹೇಳಿದಳು. ನಾಲ್ಕು ಸುವಾರ್ತೆಗಳೂ ಎಷ್ಟೋ ವಿವರಗಳಲ್ಲಿ ಬೇರೆಬೇರೆ ಮಾತಾಡುತ್ತವೆ, ಆದರೆ ಖಾಲಿ ಸಮಾಧಿಯ ಕಥೆಯಲ್ಲಿ ಆಕೆಯ ಹೆಸರು ನಾಲ್ಕರಲ್ಲೂ ಇದೆ. ಕ್ರೈಸ್ತ ನಂಬಿಕೆ ಶುರುವಾಗುವುದೇ ಆಕೆಯ ಸಾಕ್ಷಿಯಿಂದ.

591ರಲ್ಲಿ ಪೋಪ್ ಮೊದಲನೇ ಗ್ರೆಗರಿ ರೋಮಿನಲ್ಲಿ ಒಂದು ಪ್ರಸಂಗ ಮಾಡಿದರು. ಲೂಕನ ಏಳನೇ ಅಧ್ಯಾಯದಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಬಂದು ಯೇಸುವಿನ ಕಾಲಿಗೆ ತೈಲ ಹಚ್ಚುತ್ತಾಳೆ. ಬೇಥಾನ್ಯದ ಮರಿಯ ಇನ್ನೊಬ್ಬಳು. ಗ್ರೆಗರಿ ಈ ಇಬ್ಬರನ್ನೂ ಮಗ್ದಲದವಳನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದರು. ಏಳು ದೆವ್ವ ಎಂದರೆ ಎಲ್ಲ ದುರ್ಗುಣಗಳು ಎಂದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಎಂದೂ ಒಪ್ಪಲಿಲ್ಲ. ಪಶ್ಚಿಮದಲ್ಲಿ ಇದೇ ಸತ್ಯ ಆಯಿತು. ಚಿತ್ರಗಳಲ್ಲಿ ಬಿಚ್ಚಿದ ಕೂದಲು, ಅಳುವ ಕಣ್ಣು. 1969ರಲ್ಲಿ ರೋಮ್ ತನ್ನ ಹಬ್ಬಗಳ ಪಂಚಾಂಗವನ್ನು ತಿದ್ದಿದಾಗ ಈ ಹೆಂಗಸರನ್ನು ಮತ್ತೆ ಬೇರೆಬೇರೆ ಮಾಡಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ದಿನವನ್ನು ಅಪೊಸ್ತಲರ, ಅಂದರೆ ಯೇಸುವಿನ ಸಂದೇಶ ಸಾರಲು ಕಳಿಸಲ್ಪಟ್ಟವರ, ಹಬ್ಬಗಳ ದರ್ಜೆಗೆ ಏರಿಸಿದರು. ಒಂದು ಪ್ರಸಂಗದಿಂದ ಆದ ಅನ್ಯಾಯವನ್ನು ಸರಿಪಡಿಸಲು 1,400 ವರ್ಷ ಬೇಕಾಯಿತು.

ಗ್ರೆಗರಿ ಆಕೆಯ ಬಾಯನ್ನು ಮುಚ್ಚಿಸಿ ಕಣ್ಣೀರನ್ನು ಉಳಿಸಿದರು. ವಂಶದ ಕಥೆ ಕಟ್ಟಿದವರು ಬಾಯನ್ನು ಮುಚ್ಚಿಸಿ ಬಸಿರನ್ನು ಉಳಿಸಿದರು. ಯೇಸು ಕೊನೆಯ ಊಟದಲ್ಲಿ ಬಳಸಿದ ಎನ್ನುವ ಪವಿತ್ರ ಪಾತ್ರೆ (ಹೋಲಿ ಗ್ರೇಲ್) ಎಂದರೆ ಅವರ ಕಥೆಯಲ್ಲಿ ಆಕೆಯ ಗರ್ಭ. ಆಕೆ ಏನು ಕಂಡಳು, ಏನು ಹೇಳಿದಳು, ಯಾರಿಗೆ ಊಟ ಹಾಕಿದಳು ಯಾವುದೂ ಮುಖ್ಯವಲ್ಲ, ಯಾರ ಮಗುವನ್ನು ಹೊತ್ತಳು ಎನ್ನುವುದೇ ಮುಖ್ಯ. ಹೆಣ್ಣಿಗೆ ಗೌರವ ವಾಪಸ್ ಕೊಟ್ಟ ಕಥೆ ಎಂದು ಇದನ್ನು ಹೊಗಳಿದವರನ್ನು ಕಂಡಿದ್ದೇನೆ. ನನಗೆ ಅದರಲ್ಲಿ ಗೌರವ ಕಾಣುವುದಿಲ್ಲ. ರಾಜರನ್ನು ಹೆತ್ತದ್ದಕ್ಕೆ ಸಿಗುವ ಗೌರವ ರಾಜರದ್ದು, ಆಕೆಯದ್ದಲ್ಲ.

ಇದಕ್ಕೆ ಯೇಸುವಿನ ಮಾತೇ ಅಡ್ಡ ನಿಲ್ಲುತ್ತದೆ. ಜನರ ಗುಂಪಿನಿಂದ ಒಬ್ಬ ಹೆಂಗಸು ಕೂಗಿ ಹೇಳುತ್ತಾಳೆ, ನಿನ್ನನ್ನು ಹೊತ್ತ ಗರ್ಭ ಧನ್ಯ ಎಂದು. ಅದಕ್ಕಿಂತ ದೇವರ ಮಾತು ಕೇಳಿ ನಡೆಯುವವರು ಧನ್ಯರು ಎನ್ನುತ್ತಾನೆ ಅವನು. ಲೂಕ ಹನ್ನೊಂದನೇ ಅಧ್ಯಾಯ. ಇನ್ನೊಮ್ಮೆ ತಾಯಿ, ತಮ್ಮಂದಿರು ಹೊರಗೆ ಕಾಯುತ್ತಿದ್ದಾರೆ ಎಂದಾಗ ಸುತ್ತ ಕೂತವರನ್ನು ತೋರಿಸಿ ಇವರೇ ನನ್ನ ತಾಯಿ, ನನ್ನ ತಮ್ಮಂದಿರು ಎನ್ನುತ್ತಾನೆ. ಮಾರ್ಕನ ಮೂರನೇ ಅಧ್ಯಾಯ. ರಕ್ತಕ್ಕೆ ಇಷ್ಟು ನೇರವಾಗಿ ಬೆನ್ನು ಹಾಕಿದ ಗುರುವಿನ ಹೆಸರಲ್ಲಿ ರಕ್ತದ ಪೂಜೆ ನಡೆಯುವುದು ನನಗೆ ಸಹಿಸಲು ಕಷ್ಟ.

ಮದುವೆ ಆಗಿದ್ದನಾ ಎಂಬ ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆಗಿದ್ದರೆ ಪಾಪವೂ ಅಲ್ಲ. ಆದರೆ ಸಾಕ್ಷಿ ಬೇಕಲ್ವಾ? ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ವಾದ ಪೌಲನ ಒಂದು ಸಾಲಿನಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಅವನು ಜಗಳಕ್ಕೆ ನಿಂತ ಹಾಗೆ ಕೇಳುತ್ತಾನೆ: ಉಳಿದ ಅಪೊಸ್ತಲರ ಹಾಗೆ, ಪ್ರಭುವಿನ ತಮ್ಮಂದಿರ ಹಾಗೆ, ಕೇಫನ (ಅಂದರೆ ಪೇತ್ರನ) ಹಾಗೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಓಡಾಡುವ ಹಕ್ಕು ನಮಗಿಲ್ಲವೇ? ಯೇಸು ಸತ್ತು ಇಪ್ಪತ್ತೈದು ವರ್ಷ ಆಗಿರಬಹುದು. ಯಾರ ಯಾರ ಹೆಂಡತಿಯರು ಜೊತೆಗಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದ ಕಾಲ. ಯೇಸುವೇ ಮದುವೆಯಾಗಿದ್ದರೆ ಪೌಲ ತಮ್ಮಂದಿರ ಹೆಸರು ಹೇಳುತ್ತಿರಲಿಲ್ಲ, ಅಣ್ಣನದ್ದನ್ನೇ ಹೇಳಿ ವಾದ ಮುಗಿಸುತ್ತಿದ್ದ.

ಫಿಲಿಪ್ಪನ ಸುವಾರ್ತೆ ಎಂಬ ಬರಹವನ್ನು ಬಹಳ ಜನ ಎತ್ತಿ ತೋರಿಸುತ್ತಾರೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ಮಣ್ಣಿನ ಜಾಡಿಯಲ್ಲಿ ಸಿಕ್ಕ, ಅಲ್ಲಿನ ಹಳೆಯ ಭಾಷೆ ಕಾಪ್ಟಿಕ್‌ನ ಪುಸ್ತಕಗಳಲ್ಲಿ ಅದೂ ಒಂದು. ಮರಿಯಳನ್ನು ಅದು ಯೇಸುವಿನ ಸಂಗಾತಿ ಎನ್ನುತ್ತದೆ, ಅವನು ಆಕೆಗೆ ಮುತ್ತಿಡುತ್ತಿದ್ದ ಎನ್ನುತ್ತದೆ. ಎಲ್ಲಿಗೆ ಎಂಬ ಜಾಗದಲ್ಲಿ ಹಾಳೆ ತೂತಾಗಿದೆ. ಆ ತೂತಿನಲ್ಲಿ ಒಂದು ಸಂಸಾರವನ್ನೇ ಕಟ್ಟಿದ್ದಾರೆ. ಅದೇ ಬರಹದಲ್ಲಿ ಮುತ್ತು ಎಂದರೆ ಜ್ಞಾನ ಹಂಚಿಕೊಳ್ಳುವ ಬಗೆ, ಸಾಧಕರು ಒಬ್ಬರಿಗೊಬ್ಬರು ಕೊಡುವಂಥದ್ದು. ಅಲ್ಲದೆ ಅದು ಯೇಸುವಿನ ಕಾಲದಿಂದ ಬಹಳ ನಂತರದ ಬರಹ. 2012ರಲ್ಲಿ 'ನನ್ನ ಹೆಂಡತಿ' ಎಂದು ಯೇಸು ಹೇಳುವ ಒಂದು ಪಪೈರಸ್ ಚೂರು ಸುದ್ದಿಯಾಯಿತು. ವಿಸಿಟಿಂಗ್ ಕಾರ್ಡಿನಷ್ಟು ಗಾತ್ರ. ನಾಲ್ಕು ವರ್ಷದಲ್ಲಿ ಅದು ನಕಲಿ ಎಂಬುದು ಹೆಚ್ಚುಕಡಿಮೆ ಖಚಿತವಾಯಿತು. ಅಂತರ್ಜಾಲದಲ್ಲಿದ್ದ, ತೋಮನ ಸುವಾರ್ತೆ ಎಂಬ ಇನ್ನೊಂದು ಹಳೆಯ ಬರಹದ ಪ್ರತಿಯೊಂದರ ಅಚ್ಚಿನ ತಪ್ಪು ಕೂಡ ಅದರಲ್ಲಿ ನಕಲಾಗಿತ್ತು.

ವಂಶದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ನಮಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿ. ಹೀಗೆ 30 ತಲೆಮಾರು ಹಿಂದೆ ಹೋದರೆ 100 ಕೋಟಿ ದಾಟುತ್ತದೆ. ಆಗ ಭೂಮಿಯ ಮೇಲೆ ಅಷ್ಟು ಜನವೇ ಇರಲಿಲ್ಲ. ಎಲ್ಲರ ಪೂರ್ವಜರೂ ಒಬ್ಬರೊಳಗೊಬ್ಬರು ಬೆರೆತಿದ್ದಾರೆ. 2,000 ವರ್ಷದ ಹಿಂದೆ ಯುರೋಪು ಸೇರಿದ ಒಂದು ಮನೆತನ ಇವತ್ತಿಗೂ ಉಳಿದಿದ್ದರೆ ಅದು ಒಂದು ಗುಟ್ಟಿನ ಕುಟುಂಬದಲ್ಲಿ ಇರುವುದಿಲ್ಲ, ಅಲ್ಲಿನ ಎಲ್ಲ ಬೀದಿಗಳಲ್ಲೂ ಇರುತ್ತದೆ.

ನಮ್ಮ ದೇಶಕ್ಕೂ ಇಂಥದೊಂದು ಕಥೆ ಬಂದಿದೆ. 1894ರಲ್ಲಿ ನಿಕೊಲಾಸ್ ನೊಟೊವಿಚ್ ಎಂಬ ರಷ್ಯನ್, ಯೇಸು ಭಾರತಕ್ಕೆ ಬಂದಿದ್ದ ಎಂಬ ಹಸ್ತಪ್ರತಿಯನ್ನು ಲಡಾಖಿನ ಹೆಮಿಸ್ ಮಠದಲ್ಲಿ ಓದಿದೆ ಎಂದು ಬರೆದ. ಮರುವರ್ಷವೇ ಆಗ್ರಾದ ಒಬ್ಬ ಪ್ರಾಧ್ಯಾಪಕರು ಅಲ್ಲಿಗೆ ಹೋಗಿ ಕೇಳಿದಾಗ ಅಲ್ಲಿನ ಲಾಮಾ ಅಂಥದ್ದೇನೂ ಇಲ್ಲ ಎಂದರು. ಶ್ರೀನಗರದ ರೋಜಾಬಲ್ ಸಮಾಧಿಯನ್ನು ಯೇಸುವಿನದು ಎಂದು ನಂಬುವವರೂ ಇದ್ದಾರೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನನ್ನನ್ನು ಜಾಸ್ತಿ ಕಾಡುವುದು ಫ್ರಾನ್ಸಿನ ಕಡಲತಡಿಯ ಸೇಂತ್ ಮರಿ ದ ಲ ಮೇರ್ ಎಂಬ ಊರು. ಮರಿಯ ಎಂಬ ಹೆಸರಿನ ಹೆಂಗಸರು ದೋಣಿಯಲ್ಲಿ ಬಂದು ಇಳಿದದ್ದು ಇಲ್ಲೇ ಎಂಬುದು ಮಧ್ಯಯುಗದ ನಂಬಿಕೆ. ಚರ್ಚಿನ ನೆಲಮಾಳಿಗೆಯಲ್ಲಿ ಸಾರಾ ಎಂಬ ಕಪ್ಪು ಮೂರ್ತಿ ಇದೆ. ರೋಮಾ ಜನರ ದೈವ ಅದು. ಆ ಜನರ ಪೂರ್ವಜರು ಶತಮಾನಗಳ ಹಿಂದೆ ಭಾರತದಿಂದಲೇ ಹೊರಟವರು. ಪ್ರತಿವರ್ಷ ಮೇ 24ರಂದು ಯುರೋಪಿನ ಎಲ್ಲ ಕಡೆಯಿಂದ ಬಂದು ಮೂರ್ತಿಯನ್ನು ಹೊತ್ತು ಕಡಲಿಗೆ ಕರೆದೊಯ್ಯುತ್ತಾರೆ. ಅವರ ಪಾಲಿಗೆ ಸಾರಾ ತಮ್ಮವಳು. ಹೆಂಗಸರ ಜೊತೆ ಬಂದ ಸೇವಕಿ ಎನ್ನುವವರಿದ್ದಾರೆ, ಅವರನ್ನು ದಡದಲ್ಲಿ ಸ್ವಾಗತಿಸಿದವಳು ಎನ್ನುವವರಿದ್ದಾರೆ. ವಂಶದ ಕಥೆಗಾರರು ಸಾರಾಳನ್ನು ಯೇಸುವಿನ ಮಗಳು ಮಾಡಿದರು. ಎಲ್ಲ ಕಡೆ ಓಡಿಸಿಕೊಂಡು ಬಂದ ಒಂದು ಜನಾಂಗಕ್ಕೆ ಇದ್ದ ಒಬ್ಬ ತಾಯಿಯನ್ನೂ ರಾಜಮನೆತನಕ್ಕೆ ಸೇರಿಸಿಬಿಟ್ಟರು.

ಹಾಗಾದರೆ ಏನನ್ನೂ ಮುಚ್ಚಿಟ್ಟಿಲ್ಲವಾ? ಮುಚ್ಚಿಟ್ಟಿದ್ದಾರೆ. ಓದುಗರ ಗುಮಾನಿ ಸರಿಯಾಗಿಯೇ ಇದೆ, ಹುಡುಕುವ ಜಾಗ ಮಾತ್ರ ಬೇರೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಯೂನಿಯಾ ಎಂಬವಳಿಗೆ ವಂದನೆ ಹೇಳುತ್ತಾನೆ, ಅಪೊಸ್ತಲರಲ್ಲಿ ಹೆಸರಾದವಳು ಎಂದು. ನಾಲ್ಕನೇ ಶತಮಾನದ ಧರ್ಮಬೋಧಕ ಯೋಹಾನ ಕ್ರಿಸೊಸ್ತೊಮ್ ಆಕೆಯನ್ನು ಹೆಣ್ಣೆಂದೇ ತಿಳಿದು ಹೊಗಳಿದ್ದಾರೆ. ಮಧ್ಯಯುಗದಲ್ಲಿ ಆಕೆ ಗಂಡಸಾದಳು. ವಿದ್ವಾಂಸರು ಬಳಸುವ ಹೊಸ ಒಡಂಬಡಿಕೆಯ ಗ್ರೀಕ್ ಆವೃತ್ತಿಯಲ್ಲಿ 1927ರಲ್ಲಿ ಗಂಡು ಹೆಸರಾಗಿ ಅಚ್ಚಾಗಿ, 1998ರಲ್ಲಿ ಮತ್ತೆ ಹೆಣ್ಣಾದಳು. ಒಬ್ಬ ಹೆಂಗಸು ಅಪೊಸ್ತಲಳಾಗಿರಲು ಸಾಧ್ಯವೇ ಇಲ್ಲ ಎಂಬ ನಂಬಿಕೆ, ಗ್ರೀಕಿನಲ್ಲಿ ಆ ಹೆಸರು ಗಂಡೋ ಹೆಣ್ಣೋ ಎಂದು ತೋರಿಸುವ ಒಂದು ಸ್ವರಚಿಹ್ನೆಯನ್ನು ಬದಲಿಸಿತು. ಇದಕ್ಕೆ ಗುಟ್ಟಿನ ಸಂಘ ಬೇಕಾಗಲಿಲ್ಲ. ಓದಿದವರು, ಪ್ರಾಮಾಣಿಕರು, ಹಗಲು ಬೆಳಕಿನಲ್ಲಿ ಮಾಡಿದ ಕೆಲಸ ಅದು.

ಮಗ್ದಲದ ಮರಿಯಳ ಬಗ್ಗೆ ಓದಬೇಕು ಎನ್ನುವವರಿಗೆ ನಾನು ಹೇಳುವುದು ಮರಿಯಳ ಸುವಾರ್ತೆ ಎಂಬ ಸಣ್ಣ ಬರಹ. ಅರ್ಧ ಗಂಟೆಯಲ್ಲಿ ಓದಿ ಮುಗಿಯುತ್ತದೆ. ಎರಡನೇ ಶತಮಾನದ್ದು, ಇತಿಹಾಸದ ವರದಿ ಅಲ್ಲ, ಆ ಕಾಲದ ಜಗಳ ಅದರಲ್ಲಿದೆ. 1896ರಲ್ಲಿ ಕೈರೋದಲ್ಲಿ ಒಬ್ಬ ಜರ್ಮನ್ ವಿದ್ವಾಂಸರು ಅದರ ಕಾಪ್ಟಿಕ್ ಪ್ರತಿಯನ್ನು ಕೊಂಡು ಬರ್ಲಿನ್ನಿಗೆ ತಂದರು. 1912ರಲ್ಲಿ ಅಚ್ಚಿಗೆ ಸಿದ್ಧವಾಗಿದ್ದಾಗ ಮುದ್ರಣಾಲಯದಲ್ಲಿ ನೀರಿನ ಪೈಪು ಒಡೆದು ಅಚ್ಚಿನ ಕೆಲಸವೆಲ್ಲ ಹಾಳಾಯಿತು. ಆಮೇಲೆ ಎರಡು ಮಹಾಯುದ್ಧ. ಕೊನೆಗೆ ಪ್ರಕಟವಾದದ್ದು 1955ರಲ್ಲಿ, ಪ್ಲಾಂತಾರ್ ತಮ್ಮ ಸಂಘವನ್ನು ನೋಂದಣಿ ಮಾಡಿಸುವುದಕ್ಕೆ ಒಂದು ವರ್ಷ ಮುಂಚೆ.

ಅದರಲ್ಲಿ ಯೇಸು ಹೊರಟುಹೋಗಿದ್ದಾನೆ. ಶಿಷ್ಯರು ಹೆದರಿ ಅಳುತ್ತಾರೆ. ಅವನನ್ನೇ ಬಿಡದವರು ನಮ್ಮನ್ನು ಬಿಡುತ್ತಾರಾ ಎನ್ನುತ್ತಾರೆ. ಮರಿಯ ಎದ್ದು ನಿಂತು ಧೈರ್ಯ ಹೇಳುತ್ತಾಳೆ. ನಮಗೆ ಗೊತ್ತಿಲ್ಲದ, ನಿನಗೆ ನೆನಪಿರುವ ಅವನ ಮಾತು ಹೇಳು ಎಂದು ಶಿಷ್ಯರಲ್ಲಿ ಮುಖ್ಯನಾದ ಪೇತ್ರನೇ ಕೇಳುತ್ತಾನೆ. ಆಕೆ ತಾನು ಕಂಡದ್ದನ್ನು ಹೇಳುತ್ತಾಳೆ. ಹೇಳಿ ಮುಗಿಸಿದ ಮೇಲೆ ಅಂದ್ರೆಯ ನಂಬುವುದಿಲ್ಲ. ನಮಗೆ ಹೇಳದೆ ಒಬ್ಬ ಹೆಂಗಸಿಗೆ ಹೇಳಿದನೇ, ಈಗ ನಾವೆಲ್ಲ ಇವಳ ಮಾತು ಕೇಳಬೇಕೇ ಎಂದು ಪೇತ್ರ ರೇಗುತ್ತಾನೆ. ಅಣ್ಣ ಪೇತ್ರ, ಇದನ್ನೆಲ್ಲ ನಾನೇ ಮನಸ್ಸಿನಲ್ಲಿ ಕಟ್ಟಿದೆ ಅಂದುಕೊಂಡೆಯಾ ಎಂದು ಆಕೆ ಅಳುತ್ತಾಳೆ. ಆಗ ಲೇವಿ ಎದ್ದು, ನೀನು ಯಾವಾಗಲೂ ಮುಂಗೋಪಿ, ಅವನೇ ಅವಳನ್ನು ಯೋಗ್ಯಳು ಅಂದಮೇಲೆ ಬೇಡ ಎನ್ನಲು ನೀನ್ಯಾರು ಎಂದು ಪೇತ್ರನನ್ನು ಕೇಳುತ್ತಾನೆ. ಇಡೀ ಬರಹದಲ್ಲಿ ಆಕೆಯನ್ನು ಯಾರೂ ಯಾರ ಹೆಂಡತಿ, ಯಾರ ತಾಯಿ ಎಂದು ಕೇಳುವುದಿಲ್ಲ. ಜಗಳ ಇರುವುದು ಆಕೆಯ ಮಾತನ್ನು ನಂಬಬೇಕಾ ಬೇಡವಾ ಎಂಬುದರ ಮೇಲೆ.

ಬರ್ಲಿನ್ನಿನ ಪ್ರತಿಯಲ್ಲಿ ಮೊದಲ ಆರು ಪುಟ ಇಲ್ಲ. ನಡುವೆ 11ರಿಂದ 14ರವರೆಗಿನ ನಾಲ್ಕು ಪುಟಗಳೂ ಇಲ್ಲ. ಆಕೆ ತಾನು ಕಂಡದ್ದನ್ನು ಹೇಳಲು ಶುರು ಮಾಡಿದ ಜಾಗದಲ್ಲೇ ಪುಟ ಕಾಣೆಯಾಗಿದೆ. ಗ್ರೀಕ್ ಭಾಷೆಯ ಎರಡು ಚೂರುಗಳು ಈಜಿಪ್ಟಿನಲ್ಲೇ ಬೇರೆಯಾಗಿ ಸಿಕ್ಕಿವೆ, ಅವುಗಳಲ್ಲೂ ಆ ಭಾಗ ಇಲ್ಲ. ಈಜಿಪ್ಟಿನ ಮಣ್ಣು ಒಣ ಮಣ್ಣು, ಕಾಗದ ಅಷ್ಟು ಬೇಗ ಕೊಳೆಯುವುದಿಲ್ಲ. ರೆನ್ ಲ ಶಾತೊದಲ್ಲಿ ಅಗೆದವರ ಅರ್ಧದಷ್ಟು ಹಟದಿಂದ ಯಾರಾದರೂ ಈ ಹತ್ತು ಪುಟಗಳನ್ನು ಹುಡುಕಲಿ ಎಂಬುದು ನನ್ನ ಆಸೆ.